ಹರಿಹರದ ಸೇತುವೆ ಕೆಳಗೆ ಸಾಗುವ ಮಣ್ಣೆಷ್ಟು?

1953ರಲ್ಲಿ ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯ ಹಿಡಿಯುತ್ತಿದ್ದ ನೀರು 132.47 ಟಿಎಂಸಿ ಅಡಿ. 2016ರ ಸಮೀಕ್ಷೆಯ ಹೊತ್ತಿಗೆ ಅದು 105.79ಕ್ಕೆ ಇಳಿದಿತ್ತು. 26.68 ಟಿಎಂಸಿಯಷ್ಟು ಜಾಗ ಹೂಳಿನ ಪಾಲಾಗಿದೆ. 2008ರ ಸಮೀಕ್ಷೆಯಲ್ಲಿ ಉಳಿದ ಸಾಮರ್ಥ್ಯ 100.86 ಎಂದೇ ಇತ್ತು. ಇಲ್ಲಿ ಕಡಿಮೆ ಹಾನಿ ತೋರಿಸುವ ಅಂಕಿಯನ್ನೇ ಹಿಡಿದು ಲೆಕ್ಕ ಹಾಕಿದ್ದೇನೆ.

ಇದು ಹೊಸಪೇಟೆಯವರ ತಲೆನೋವು ಎಂದು ದಾವಣಗೆರೆಯವರು ಸುಮ್ಮನಿರುವಂತಿಲ್ಲ. ತುಂಗೆಯ ಮಣ್ಣು, ಲಕ್ಕವಳ್ಳಿ ಅಣೆಕಟ್ಟೆಯಿಂದ ಕೆಳಗಿನ ಭದ್ರೆಯ ಮಣ್ಣು ಎರಡೂ ಕೂಡ್ಲಿಯಲ್ಲಿ ಸೇರಿ ಹರಿಹರದ ಸೇತುವೆ ಕೆಳಗೇ ಸಾಗಬೇಕು. ವರದಾ ನದಿಯ ಪಾಲು ಮುಂದೆ ಗಳಗನಾಥದ ಹತ್ತಿರ ಕೂಡಿಕೊಳ್ಳುತ್ತದೆ.

26.68 ಟಿಎಂಸಿ ಎಂದರೆ 75.5 ಕೋಟಿ ಘನ ಮೀಟರ್. 63 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1.2 ಕೋಟಿ. 10 ಘನ ಮೀಟರಿನ ಟಿಪ್ಪರ್‌ಗಳಲ್ಲಿ ತುಂಬಿದರೆ ವರ್ಷಕ್ಕೆ 12 ಲಕ್ಷ ಲೋಡು. ಹಗಲು ರಾತ್ರಿ ಬಿಡದೆ ಪ್ರತಿ ನಿಮಿಷಕ್ಕೆ ಎರಡು ಟಿಪ್ಪರ್ ಜಲಾಶಯಕ್ಕೆ ಮಣ್ಣು ಸುರಿದಂತೆ! ಅಣೆಕಟ್ಟೆಯ ಜಲಾನಯನ ಪ್ರದೇಶ 28,180 ಚದರ ಕಿಲೋಮೀಟರ್. ಅಷ್ಟೂ ನೆಲದಿಂದ ಸರಾಸರಿ 2.7 ಸೆಂಟಿಮೀಟರ್ ದಪ್ಪದ ಪದರ ಹೋದಂತಾಯಿತು. ಅಷ್ಟು ಫಲವತ್ತಾದ ಮಣ್ಣು ಹುಟ್ಟಲು ನೂರಾರು ವರ್ಷ ಬೇಕು.

ಇಷ್ಟು ಮಣ್ಣನ್ನು ಹೊಳೆ ಹೊರುವುದು ವೇಗದ ಬಲದಿಂದ. ನೀರಿನ ವೇಗ ಎರಡರಷ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟು ಹೆಚ್ಚುತ್ತದೆ. ತುಂಗೆ ಹುಟ್ಟುವ ಗಂಗಾಮೂಲದ ಎತ್ತರ ಸುಮಾರು 1,198 ಮೀಟರ್, ಶಿವಮೊಗ್ಗದ್ದು ಸುಮಾರು 570. ಆ ಇಳಿಜಾರಿನಲ್ಲಿ ತುಂಗೆ ಕೊರೆಯುತ್ತಾಳೆ. ಶಿವಮೊಗ್ಗದಿಂದ ತುಂಬಿದ ಜಲಾಶಯದ ಮಟ್ಟಕ್ಕೆ ಇಳಿತ ಹೆಚ್ಚು ಕಡಿಮೆ 70 ಮೀಟರ್ ಅಷ್ಟೇ. ಹರಿಹರದ ಆಸುಪಾಸಿನಲ್ಲಿ ಹೊಳೆ ಹೊರುವುದು, ಇಳಿಸುವುದು ಎರಡನ್ನೂ ಮಾಡುತ್ತದೆ. ತಿರುವಿನ ಹೊರ ದಂಡೆ ಕುಸಿಯುತ್ತದೆ, ಒಳ ದಂಡೆಗೆ ಮರಳು ಬೀಳುತ್ತದೆ.

ಆಷಾಢದ ಕೆಂಪು ನೀರನ್ನು ಗಾಜಿನ ಲೋಟದಲ್ಲಿ ಹಿಡಿದಿಟ್ಟು ನೋಡಿ. 10 ಸೆಂಟಿಮೀಟರ್ ನೀರಿನಲ್ಲಿ ಸಣ್ಣ ಮರಳು ಕೆಲವೇ ಸೆಕೆಂಡುಗಳಲ್ಲಿ ತಳ ಸೇರುತ್ತದೆ. 0.02 ಮಿಲಿಮೀಟರಿನ ಮೆಕ್ಕಲಿಗೆ ಐದು ನಿಮಿಷ ಬೇಕು. 0.002 ಮಿಲಿಮೀಟರಿನ ಜೇಡಿ ಕಣಕ್ಕೆ ಎಂಟು ಗಂಟೆ. ಹಾಗಾಗಿ ಮರಳು ದಾರಿಯಲ್ಲೇ ನಿಲ್ಲುತ್ತದೆ, ಹೊಲದ ಸಾರವೆಲ್ಲ ಅಣೆಕಟ್ಟೆಯ ನಿಂತ ನೀರಿನವರೆಗೆ ಪ್ರಯಾಣ ಮಾಡುತ್ತದೆ. ದಾರಿಯಲ್ಲಿ ನಿಂತ ಆ ಮರಳನ್ನು ನಾವು ಬಗೆದರೆ, ಹೊರೆ ಇಳಿದ ನೀರು ಪಾತ್ರವನ್ನೂ ದಂಡೆಯನ್ನೂ ಕೊರೆದು ಆ ಕೊರತೆ ತುಂಬಿಕೊಳ್ಳುತ್ತದೆ. ದಂಡೆಯ ತೋಟ ಕುಸಿದು ಹೋಗುವುದಕ್ಕೆ ಪ್ರವಾಹವೊಂದೇ ಕಾರಣವಲ್ಲ.

ಇನ್ನು ಬೆಲೆ. 2011ರ ಜನಗಣತಿಯಂತೆ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ತಲೆಗೆ ದಿನಕ್ಕೆ 135 ಲೀಟರ್ ಎಂದರೆ ವರ್ಷಕ್ಕೆ ಮುಕ್ಕಾಲು ಟಿಎಂಸಿ ಸಾಕು. ಹೂಳು ನುಂಗಿದ ಜಾಗದಲ್ಲಿ ಇಡೀ ನಗರಕ್ಕೆ 35 ವರ್ಷ ಕುಡಿಯುವ ನೀರು ನಿಲ್ಲುತ್ತಿತ್ತು. ಘನ ಮೀಟರಿಗೆ ಬರೀ 100 ರೂಪಾಯಿ ಎಂದು ಹಿಡಿದರೂ ಹೂಳೆತ್ತಲು 7,550 ಕೋಟಿ ರೂಪಾಯಿ ಬೇಕು. ಎತ್ತಿದ ಮಣ್ಣನ್ನು ಎಲ್ಲಿ ಸುರಿಯುವುದು ಎಂಬುದು ಬೇರೆ ಪ್ರಶ್ನೆ.

ಹೊಲದ ಬದಿಯಲ್ಲಿ ನಿಂತು ನೋಡಿದರೆ ಇದೇ ಲೆಕ್ಕ ಕೈಗೆಟುಕುತ್ತದೆ. ಸರಾಸರಿ ಎಕರೆಗೆ ವರ್ಷಕ್ಕೆ 1.7 ಘನ ಮೀಟರ್ ಮಣ್ಣು ಹೋಗುತ್ತಿದೆ. 100 ಘನ ಅಡಿಯ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ಬೇಸಿಗೆಯಲ್ಲಿ ಬಾಡಿಗೆ ಕೊಟ್ಟು ಕೆರೆಯ ಗೋಡು ಹೊಡೆಸುವ ರೈತರಿಗೆ ಆ ಅರ್ಧ ಟ್ರೇಲರಿನ ಬೆಲೆ ಚೆನ್ನಾಗಿ ಗೊತ್ತು. ಅದನ್ನು ಹೊಲದಲ್ಲೇ ತಡೆಯಲು ಗಟ್ಟಿಯಾದ ಬದು, ಬದುವಿನ ಮೇಲೆ ಹುಲ್ಲು, ಹೊಳೆಯ ಅಂಚಿನಲ್ಲಿ ಉಳುಮೆ ಮಾಡದೆ ಬಿಟ್ಟ ಒಂದು ಪಟ್ಟಿ ಬೇಕು. ಹರಿಹರ, ಹೊನ್ನಾಳಿ ಕಡೆಯ ಹೊಳೆದಂಡೆಯ ರೈತರು ಮುಂಗಾರಿಗೆ ಮೊದಲೇ ಬದು ಕಟ್ಟಿಸಲಿ, ಪಂಚಾಯಿತಿಗಳು ಆ ಕೆಲಸವನ್ನು ಉದ್ಯೋಗ ಖಾತ್ರಿಯ ಪಟ್ಟಿಗೆ ಸೇರಿಸಲಿ.