ತೇರಿಗೆ ಮೊದಲು ದರ್ಶನವೋ, ಊಟವೋ? ಜಾತ್ರೆಯ ಸರದಿಯ ಗಣಿತ

ಕೊಟ್ಟೂರಿನ ತೇರಿನ ದಿನ ಊರಿಗೆ ಬಂದಿಳಿಯುವ ಪ್ರತಿ ಕುಟುಂಬಕ್ಕೂ ಒಂದೇ ಚಿಂತೆ. ಕೊಟ್ಟೂರೇಶ್ವರರ ದರ್ಶನ ಆಗಬೇಕು, ಪ್ರಸಾದ ಆಗಬೇಕು, ಮಕ್ಕಳನ್ನು ತಿರುಗುವ ತೊಟ್ಟಿಲಲ್ಲಿ ಕೂರಿಸಬೇಕು, ಬೆಂಡು ಬತ್ತಾಸು ಕೊಳ್ಳಬೇಕು, ಸಂಜೆ ತೇರು ಎಳೆಯುವ ಹೊತ್ತಿಗೆ ಕಾಣುವಂಥ ಜಾಗ ಹಿಡಿದಿರಬೇಕು. ಇಷ್ಟೆಲ್ಲ ಆದಮೇಲೆ ವಾಪಸ್ಸು ಬಸ್ಸೂ ಸಿಗಬೇಕು. ‘ಮೊದ್ಲು ಅಪ್ಪಾರ ದರ್ಶನ, ಆಮ್ಯಾಲೆ ಊಟ’ ಎನ್ನುತ್ತಾಳೆ ಅಜ್ಜಿ. ‘ಯವ್ವಾ, ಹಸಿವಾಗೈತಿ’ ಎಂದು ಮಗು ಸೆರಗು ಜಗ್ಗುತ್ತದೆ. ಇಬ್ಬರ ಮಾತೂ ನಡೆಯಬೇಕು, ದಿನ ಮಾತ್ರ ಒಂದೇ.

ಅಮೆರಿಕದ ಫ್ಲಾರಿಡಾದಲ್ಲಿರುವ ಆಟಗಳ ಉದ್ಯಾನ ಡಿಸ್ನಿ ವರ್ಲ್ಡ್‌ಗೆ ಹೋಗುವ ಕುಟುಂಬಗಳೂ ಇದೇ ಚಿಂತೆಯಲ್ಲಿ ತಲೆ ಕೆಡಿಸಿಕೊಳ್ಳುತ್ತವೆ. ಅಲ್ಲಿ ಹೋಟೆಲಿನ ಮೇಜನ್ನು 60 ದಿನ ಮೊದಲೇ ಕಾಯ್ದಿರಿಸಬಹುದು. ಹಾಗೆ ಕಾಯ್ದಿರಿಸಿದ ಹೊತ್ತು ಬಂದಾಗ ತಾವು ಯಾವುದೋ ಆಟದ ಸಾಲಿನ ನಡುವೆ ಸಿಕ್ಕಿಕೊಂಡಿರುತ್ತೇವೆ ಎಂಬುದೇ ಅವರ ಗೋಳು. ಸಾಲು ಬಿಟ್ಟರೆ ಕಾದದ್ದೆಲ್ಲ ದಂಡ, ಬಿಡದಿದ್ದರೆ ಊಟ ತಪ್ಪಿತು. ನಮ್ಮ ಜಾತ್ರೆಗಳಲ್ಲಿ ಮೇಜು ಕಾಯ್ದಿರಿಸುವ ಪದ್ಧತಿ ಇಲ್ಲ. ಆದರೂ ಕುಟುಂಬದ ದಿನವನ್ನು ಎರಡೂ ಕಡೆ ಆಳುವುದು ಸರದಿಯ ಗಣಿತವೇ. ಅದರಲ್ಲಿ ನಾಲ್ಕಾರು ಸಂಗತಿ ತಿಳಿದಿದ್ದರೆ ಅಜ್ಜಿ, ಮಗು ಇಬ್ಬರಿಗೂ ಅನುಕೂಲ.

ಈ ಗಣಿತ ಹುಟ್ಟಿದ್ದು ಡೆನ್ಮಾರ್ಕಿನ ಒಂದು ಟೆಲಿಫೋನ್ ಕಂಪನಿಯಲ್ಲಿ. ಕೋಪನ್‌ಹೇಗನ್ನಿನ ಎಕ್ಸ್‌ಚೇಂಜಿಗೆ ಎಷ್ಟು ತಂತಿ, ಎಷ್ಟು ಆಪರೇಟರ್ ಇದ್ದರೆ ಕರೆ ಮಾಡಿದವರು ಹೆಚ್ಚು ಕಾಯಬೇಕಾಗುವುದಿಲ್ಲ ಎಂಬುದನ್ನು ಕಂಡುಹಿಡಿಯಲು ಆಗ್ನರ್ ಎರ್ಲಾಂಗ್ ಎಂಬ ಗಣಿತಜ್ಞ ಹೊರಟ. ಅವನ ಮೊದಲ ಲೇಖನ ಪ್ರಕಟವಾದದ್ದು 1909ರಲ್ಲಿ. ಆ ದಾರಿಯಲ್ಲಿ ಮುಂದೆ ಸಾಗಿದವರು ಕಂಡುಕೊಂಡ ಒಂದು ಸತ್ಯ ಮೊದಲ ನೋಟಕ್ಕೆ ನಂಬಲಾಗದಂಥದ್ದು. ಒಂದೇ ಕೌಂಟರ್ ಇದೆ, ಜನ ಹೊತ್ತುಗೊತ್ತಿಲ್ಲದೆ ಬರುತ್ತಿರುತ್ತಾರೆ ಎಂದುಕೊಳ್ಳಿ. ಕೌಂಟರಿನವನಿಗೆ ಅರ್ಧ ಹೊತ್ತು ಮಾತ್ರ ಕೆಲಸವಿದ್ದರೆ ಅಲ್ಲಿ ಸರಾಸರಿ ಒಬ್ಬರು ಇರುತ್ತಾರೆ. ಶೇ 80ರಷ್ಟು ಹೊತ್ತು ಕೆಲಸವಿದ್ದರೆ ನಾಲ್ವರು, ಶೇ 90 ಆದರೆ ಒಂಬತ್ತು ಮಂದಿ, ಶೇ 95 ಆದರೆ ಹತ್ತೊಂಬತ್ತು ಮಂದಿ. ಕೊನೆಯ ಐದೇ ಐದು ಶೇಕಡಾ ಸಾಲನ್ನು ಇಮ್ಮಡಿ ಮಾಡಿಬಿಡುತ್ತದೆ. ಅಂದರೆ ತುಂಬಿ ತುಳುಕುವ ಹೊತ್ತಿನಿಂದ ಸ್ವಲ್ಪವೇ ಜನ ಬೇರೆ ಹೊತ್ತಿಗೆ ಸರಿದರೂ ಸಾಲು ಅರ್ಧಕ್ಕೆ ಇಳಿಯುತ್ತದೆ. ಜಾತ್ರೆಯ ದಿನ ಅರ್ಧ ಗಂಟೆ ಹಿಂದೆಮುಂದೆ ಸರಿಯುವುದಕ್ಕೆ ಅಷ್ಟೊಂದು ಬೆಲೆ ಬರುವುದು ಇದರಿಂದಲೇ.

ಈಗ ದಾಸೋಹದ ಪಂಕ್ತಿಗೆ ಬನ್ನಿ. ಲೆಕ್ಕಕ್ಕಾಗಿ ಒಂದು ಊಟದ ಮನೆ ಇಟ್ಟುಕೊಳ್ಳೋಣ. ಒಂದು ಪಂಕ್ತಿಗೆ 300 ಮಂದಿ ಕೂರುತ್ತಾರೆ, ಎಲೆ ಹಾಕಿ ಹುಗ್ಗಿ, ಪಲ್ಯ, ಅನ್ನ, ಸಾರು ಬಡಿಸಿ, ಎಲೆ ಎತ್ತಿ ನೆಲ ಒರೆಸುವವರೆಗೆ ಅರ್ಧ ಗಂಟೆ. ಅಲ್ಲಿಗೆ ಗಂಟೆಗೆ 600 ಜನರ ಊಟ. ಹನ್ನೆರಡರಿಂದ ಎರಡರವರೆಗೆ ಗಂಟೆಗೆ 900 ಜನ ಬರುತ್ತಾರೆ, ಆಮೇಲೆ ಗಂಟೆಗೆ 300ಕ್ಕೆ ಇಳಿಯುತ್ತಾರೆ. ಹನ್ನೆರಡೂವರೆಗೆ ಬಂದವರ ಮುಂದೆ 150 ಜನ ಹೆಚ್ಚುವರಿ ನಿಂತಿರುತ್ತಾರೆ, ಕಾಲು ಗಂಟೆ ಕಾದರೆ ಸಾಕು. ಒಂದು ಗಂಟೆಗೆ ಬಂದವರು ಅರ್ಧ ಗಂಟೆ ಕಾಯುತ್ತಾರೆ. ಎಲ್ಲರಿಗಿಂತ ಹೆಚ್ಚು, ಅಂದರೆ ಪೂರಾ ಒಂದು ಗಂಟೆ ಕಾಯುವವರು ಸರಿಯಾಗಿ ಎರಡು ಗಂಟೆಗೆ, ನೂಕುನುಗ್ಗಲು ‘ಕಡಿಮೆಯಾಯಿತು’ ಎಂದು ನೋಡಿಕೊಂಡು ಬಂದವರು. ಬರುವವರು ಕಡಿಮೆಯಾದ ಮಾತ್ರಕ್ಕೆ ಬಾಕಿ ಕರಗುವುದಿಲ್ಲ. ಮೂರು ಗಂಟೆಗೆ ಬಂದರೂ ಅರ್ಧ ಗಂಟೆ ಕಾಯಬೇಕು, ಸಾಲು ಪೂರ್ತಿ ಕರಗುವುದು ನಾಲ್ಕಕ್ಕೆ. ಹನ್ನೊಂದೂ ಮುಕ್ಕಾಲಿಗೆ ಬಂದು ಕೂತವರು ಮಾತ್ರ ಬಂದದ್ದೇ ಉಂಡು ಎದ್ದಿರುತ್ತಾರೆ.

ಮಧ್ಯಾಹ್ನದ ಊಟವನ್ನು ತಡಮಾಡಿದರೆ ಸಾಲು ತಪ್ಪುತ್ತದೆ ಎಂದು ನಂಬಿದವರು ಬಹಳ. ಲೆಕ್ಕ ಹೇಳುವುದು ಬೇರೆ. ಗದ್ದಲಕ್ಕೆ ಮೊದಲು ಅರ್ಧ ಗಂಟೆ ಬೇಗ ಬಂದರೆ ಸಿಗುವ ಲಾಭ, ಗದ್ದಲದ ನಂತರ ಒಂದು ಗಂಟೆ ತಡವಾಗಿ ಬಂದರೂ ಸಿಗುವುದಿಲ್ಲ. ಮಗುವಿನ ಹಸಿವು ಇಲ್ಲಿ ಒಳ್ಳೆಯ ಸಲಹೆಗಾರ.

ದರ್ಶನದ ಸಾಲಿನ ಲೆಕ್ಕ ಇನ್ನೂ ಸುಲಭ. ಜಾನ್ ಲಿಟ್ಲ್ ಎಂಬ ಅಮೆರಿಕನ್ ವಿಜ್ಞಾನಿ 1961ರಲ್ಲಿ ಒಂದು ನಿಯಮವನ್ನು ಸಾಧಿಸಿ ತೋರಿಸಿದ. ಸಾಲಿನಲ್ಲಿರುವ ಜನರ ಸಂಖ್ಯೆ ಎಂದರೆ ನಿಮಿಷಕ್ಕೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರು ಕಾಯುವ ನಿಮಿಷಗಳಿಂದ ಗುಣಿಸಿದಷ್ಟು. ಅದನ್ನೇ ತಿರುಗಿಸಿದರೆ ನಿಮ್ಮ ಕಾಯುವಿಕೆ ಸಿಗುತ್ತದೆ. ಗುಡಿಯ ಹೊರಬಾಗಿಲ ಬಳಿ ನಿಂತು ದರ್ಶನ ಮುಗಿಸಿ ಬರುವವರನ್ನು ಎರಡು ನಿಮಿಷ ಎಣಿಸಿ, 40 ಮಂದಿ ಬಂದರೆ ನಿಮಿಷಕ್ಕೆ 20 ಆಯಿತು. ಆಮೇಲೆ ಕಟಕಟೆಯ ಸಾಲಿನಲ್ಲಿ ಹತ್ತು ಹೆಜ್ಜೆ ಉದ್ದಕ್ಕೆ ಎಷ್ಟು ತಲೆ ಇವೆ ನೋಡಿ, ಇಡೀ ಸಾಲು ಎಷ್ಟು ಹತ್ತು ಹೆಜ್ಜೆ ಇದೆ ಅಂದಾಜು ಮಾಡಿ. ಮುಂದೆ 1,200 ಜನ ಇದ್ದರೆ ಒಂದು ಗಂಟೆ. ಸಾಲು ಸುತ್ತಿ ಬಳಸಿ ಹೇಗೇ ಸಾಗಿರಲಿ, ಈ ಲೆಕ್ಕ ತಪ್ಪುವುದಿಲ್ಲ. ಸಾಲಿನ ಉದ್ದ ನೋಡಿ ಹೆದರಿ ವಾಪಸ್ಸು ಹೋಗುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಉದ್ದದ ಸಾಲು ಬೇಗ ಸಾಗುತ್ತಿರಬಹುದು, ಗಿಡ್ಡ ಸಾಲು ನಿಂತಲ್ಲೇ ನಿಂತಿರಬಹುದು. ನೋಡಬೇಕಾದದ್ದು ಹೊರಬಾಗಿಲನ್ನು.

ಕಾಯುವ ಹೊತ್ತು ಗಡಿಯಾರದಲ್ಲಿ ಎಷ್ಟು ಎಂಬುದೊಂದಾದರೆ ಮನಸ್ಸಿನಲ್ಲಿ ಎಷ್ಟು ಎಂಬುದು ಇನ್ನೊಂದು. ಕೈಗೆ, ಕಣ್ಣಿಗೆ ಕೆಲಸವಿದ್ದರೆ ಹೊತ್ತು ಚಿಕ್ಕದಾಗಿ ತೋರುತ್ತದೆ, ಎಷ್ಟು ಕಾಯಬೇಕೆಂದು ತಿಳಿಯದಿದ್ದರೆ ದೊಡ್ಡದಾಗಿ ತೋರುತ್ತದೆ ಎಂದು ಡೇವಿಡ್ ಮೈಸ್ಟರ್ 1985ರಲ್ಲಿ ಬರೆದ. ನಂದಿಕೋಲು, ಸಮಾಳ, ಭಜನೆಗಳ ಸದ್ದು ಕೇಳುತ್ತ ಸಾಗುವ ಸಾಲಿನಲ್ಲಿ ಮೊದಲನೆಯದು ತಾನಾಗಿಯೇ ಆಗುತ್ತದೆ. ಎರಡನೆಯದಕ್ಕೆ ಒಂದು ಹಲಗೆ, ಒಂದು ಸೀಮೆಸುಣ್ಣ ಸಾಕು. ‘ಇಲ್ಲಿಂದ ದರ್ಶನಕ್ಕೆ ಸುಮಾರು ಒಂದು ಗಂಟೆ’ ಎಂದು ಬರೆದು ಅರ್ಧ ಗಂಟೆಗೊಮ್ಮೆ ತಿದ್ದುತ್ತಿದ್ದರೆ ಮಂಡಿನೋವಿನ ಅಜ್ಜಿ ಈಗ ನಿಲ್ಲಬೇಕೋ ಊಟ ಮುಗಿಸಿ ಬರಬೇಕೋ ಎಂದು ತಾನೇ ನಿರ್ಧರಿಸುತ್ತಾಳೆ. ಇಷ್ಟು ಅಗ್ಗದ, ಇಷ್ಟು ಉಪಕಾರದ ಕೆಲಸವನ್ನು ನಮ್ಮ ಎಲ್ಲ ಜಾತ್ರೆಗಳಲ್ಲೂ ಮಾಡಬೇಕು.

ತೇರಿನ ಮಾತೇ ಬೇರೆ. ದರ್ಶನ, ಊಟ ಒಬ್ಬೊಬ್ಬರಿಗೆ ಅಥವಾ ಪಂಕ್ತಿ ಪಂಕ್ತಿಯಾಗಿ ದಕ್ಕುವಂಥವು. ತೇರು ಎಲ್ಲರಿಗೂ ಒಟ್ಟಿಗೆ, ಒಂದೇ ಗಳಿಗೆಯಲ್ಲಿ. ಆ ಗಳಿಗೆಯನ್ನು ಗೊತ್ತುಮಾಡುವುದು ಚಂದ್ರ. ಕೊಟ್ಟೂರೇಶ್ವರರ ರಥೋತ್ಸವ ಮಾಘ ಬಹುಳದಲ್ಲಿ, ಮೂಲಾ ನಕ್ಷತ್ರದ ದಿನ. ವೃಶ್ಚಿಕದ ಬಾಲದ ತುದಿಯಲ್ಲಿರುವ ಮೂಲಾ ನಕ್ಷತ್ರದ ಸೀಮೆಗೆ ಚಂದ್ರ 27.3 ದಿನಕ್ಕೊಮ್ಮೆ ಮರಳುತ್ತಾನೆ, ಅಲ್ಲಿ ಇರುವುದು ಹೆಚ್ಚುಕಡಿಮೆ ಒಂದು ದಿನ. ಮಾಘದ ಹುಣ್ಣಿಮೆಗೆ ಚಂದ್ರ ಮಖಾ ನಕ್ಷತ್ರದ ಆಸುಪಾಸಿನಲ್ಲಿರುತ್ತಾನೆ. ಮಖಾ ಹತ್ತನೆಯದು, ಮೂಲಾ ಹತ್ತೊಂಬತ್ತನೆಯದು. ಹಾಗಾಗಿ ಹುಣ್ಣಿಮೆ ಕಳೆದು ಒಂಬತ್ತು–ಹತ್ತು ದಿನಕ್ಕೆ ಕೊಟ್ಟೂರಿನ ತೇರು. ಭಾರತ ಹುಣ್ಣಿಮೆ ಎಂದು ಕರೆಯುವ ಅದೇ ಮಾಘ ಹುಣ್ಣಿಮೆಯ ಬೆನ್ನಿಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕ ನಡೆಯುತ್ತದೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದಾಗ ಇಡೀ ಬಯಲು ಸುಮ್ಮನಾಗುತ್ತದೆ, ಒಂದು ಸಾಲಿನ ನುಡಿ ಹೊರಬೀಳುತ್ತದೆ, ಮುಗಿಯಿತು. ಆಮೇಲೆ ಶಿವರಾತ್ರಿಗೆ ಕುರುವತ್ತಿಯ ಜಾತ್ರೆ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಸೀಮೆಯ ಮನೆಗಳಿಗೆ ಮಾಘವೆಂದರೆ ಒಂದರ ಹಿಂದೆ ಒಂದು ಜಾತ್ರೆಯ ತಿಂಗಳು.

ಇಂಥ ಒಂದೇ ಗಳಿಗೆಯ ಉತ್ಸವ ದಿನವನ್ನು ಎರಡು ತುಂಡು ಮಾಡುತ್ತದೆ. ಡಿಸ್ನಿಯಲ್ಲಿ ಮೇಜು ಕಾಯ್ದಿರಿಸಿದವರ ತೊಂದರೆ ಇಲ್ಲಿಯೂ ಎದುರಾಗುತ್ತದೆ. ತೇರಿಗೆ ಒಂದು ಗಂಟೆ ಉಳಿದಿದೆ, ಸಾಲು ಒಂದೂಕಾಲು ಗಂಟೆಯದು ಎಂದರೆ ಉಳಿದ ಆ ಒಂದು ಗಂಟೆ ಸಾಲಿನ ಮಟ್ಟಿಗೆ ಉಪಯೋಗಕ್ಕೆ ಬಾರದು. ಸಾಲುಗಳ ಹೊತ್ತು ಹೆಚ್ಚುಕಡಿಮೆ ಆಗುವುದರಿಂದ, ಗಟ್ಟಿ ಹೊತ್ತಿನ ಕಾರ್ಯಕ್ರಮಗಳು ಹೆಚ್ಚಿದಷ್ಟೂ ಇಂಥ ತುಂಡು ಗಂಟೆಗಳು ವ್ಯರ್ಥವಾಗುತ್ತವೆ. ಅದಕ್ಕೇ ದಿನಕ್ಕೆ ಗಟ್ಟಿ ಹೊತ್ತಿನದು ಒಂದೇ ಇರಲಿ. ಉದ್ದದ ಸಾಲು ಬೆಳಿಗ್ಗೆಗೆ, ಊಟ ಗದ್ದಲಕ್ಕೆ ಮೊದಲು, ಅಂಗಡಿ ಬೀದಿ ತುಂಡು ಗಂಟೆಗಳಿಗೆ. ಸಾಲನ್ನೂ ಕಾಯ್ದಿರಿಸಬಹುದಲ್ಲ ಎನ್ನುವಿರಾ? 1999ರಲ್ಲಿ ಡಿಸ್ನಿಯವರು ಸಾಲಿನಲ್ಲಿ ನಿಲ್ಲದೆ ಚೀಟಿ ಪಡೆದು ಹೇಳಿದ ಹೊತ್ತಿಗೆ ಬರುವ ಫಾಸ್ಟ್‌ಪಾಸ್ ಎಂಬ ಏರ್ಪಾಡು ತಂದರು. ಚೀಟಿ ಪಡೆದವರು ಆ ಹೊತ್ತಿನಲ್ಲಿ ಬೇರೆ ಆಟದ ಸಾಲಿಗೆ ಹೋಗಿ ನಿಂತರು, ಚೀಟಿಯಿಲ್ಲದವರ ಸಾಲು ಉದ್ದವಾಯಿತು. ಆಟದ ಗಾಡಿ ಗಂಟೆಗೆ ಎಷ್ಟು ಜನರನ್ನು ಹೊರುತ್ತದೋ ಅಷ್ಟನ್ನೇ ಹೊರುತ್ತದೆ. ಕಾಯ್ದಿರಿಸುವಿಕೆ ಕಾಯುವಿಕೆಯನ್ನು ಹಂಚುತ್ತದೆ, ಅಳಿಸುವುದಿಲ್ಲ.

ನಮ್ಮಲ್ಲಿ ಪಾದಯಾತ್ರೆಯ ದಾರಿಯ ದಾಸೋಹ ನೂಕುನುಗ್ಗಲಿಗೆ ಬೇರೆಯದೇ ಉತ್ತರ ಕಂಡುಕೊಂಡಿದೆ, ನನಗೆ ಬಹಳ ಮೆಚ್ಚುಗೆಯಾದ ಉತ್ತರ. ಕೊಟ್ಟೂರಿಗೆ ನಡೆದು ಬರುವವರಿಗಾಗಿ ರಸ್ತೆಯುದ್ದಕ್ಕೂ ಭಕ್ತರು ಪೆಂಡಾಲ್ ಹಾಕಿ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಮಜ್ಜಿಗೆ, ಅನ್ನ ಸಾಂಬಾರ್ ನೀಡುತ್ತಾರೆ. ಜನರನ್ನು ಅಡುಗೆಮನೆಗೆ ಕರೆಯುವ ಬದಲು ಅಡುಗೆಮನೆಯೇ ದಾರಿಗೆ ಬಂದಿದೆ. ಜೊತೆಗೆ ನಡಿಗೆಯೂ ಕೆಲಸ ಮಾಡುತ್ತದೆ. ಒಂದೇ ಗಳಿಗೆಯಲ್ಲಿ ಊರು ಬಿಟ್ಟ ಗುಂಪಿನಲ್ಲಿ ಗಂಟೆಗೆ ಐದು ಕಿಲೋಮೀಟರ್ ನಡೆಯುವವನೂ ನಾಲ್ಕು ನಡೆಯುವವಳೂ ಇರುತ್ತಾರೆ. ಇಪ್ಪತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಇಬ್ಬರ ನಡುವೆ ಒಂದು ಗಂಟೆ ಅಂತರ. ಊರ ಬಾಗಿಲಲ್ಲೇ ಇರುವ ಪೆಂಡಾಲಿಗೆ ಇಡೀ ಗುಂಪು ಒಮ್ಮೆಲೇ ನುಗ್ಗಿದರೆ, ಮುಂದಿನವಕ್ಕೆ ಅದೇ ಗುಂಪು ಎಳೆ ಎಳೆಯಾಗಿ ತಲುಪುತ್ತದೆ. ದೂರದ ಪೆಂಡಾಲಿನವರು ಸಣ್ಣ ಪಾತ್ರೆಯಲ್ಲೇ, ಬಿಸಿಬಿಸಿಯಾಗಿ, ಎಲ್ಲರಿಗೂ ನೀಡಬಲ್ಲರು. ಯಾರೂ ಚೀಟಿ ಕೊಡದೆ, ಹೊತ್ತು ಹೇಳದೆ ನೂಕುನುಗ್ಗಲು ಕರಗಿರುತ್ತದೆ.

ಮಕ್ಕಳ ತೊಟ್ಟಿಲಿನ ವಿಷಯದಲ್ಲಿ ಗಣಿತಕ್ಕಿಂತ ಶರೀರಶಾಸ್ತ್ರ ಮುಖ್ಯ. ಒಳಕಿವಿಯಲ್ಲಿರುವ ಮೂರು ಅರೆವೃತ್ತ ನಾಳಗಳು ತಲೆ ತಿರುಗುವುದನ್ನು ಅಳೆಯುತ್ತವೆ. ಕಣ್ಣು ಹೇಳುವುದಕ್ಕೂ ಒಳಕಿವಿ ಹೇಳುವುದಕ್ಕೂ ತಾಳ ತಪ್ಪಿದಾಗ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ, ಶಾಲೆಗೆ ಹೋಗುವ ವಯಸ್ಸಿನವರಲ್ಲಿ ಹೆಚ್ಚು. ತುಂಬಿದ ಹೊಟ್ಟೆ ಇದನ್ನು ಇನ್ನಷ್ಟು ಕೆಡಿಸುತ್ತದೆ. ಉಂಡದ್ದು ಜಠರದಿಂದ ಖಾಲಿಯಾಗಲು ಗಂಟೆಗಟ್ಟಲೆ ಬೇಕು, ಎಣ್ಣೆಯಲ್ಲಿ ಕರಿದ ಮಿರ್ಚಿಯಂಥದ್ದಕ್ಕೆ ಮತ್ತೂ ಹೆಚ್ಚು. ತೊಟ್ಟಿಲು ಆಡಿಸಿ ಆಮೇಲೆ ಉಣ್ಣಿಸುವುದೇ ಸರಿ. ಮಾಘ ಮುಗಿಯುವ ಹೊತ್ತಿಗೆ ನಮ್ಮ ಕಡೆ ಬಿಸಿಲು ಏರಿರುತ್ತದೆ, ನೀರಿನ ಬಾಟಲಿ ಮರೆಯಬಾರದು.

ತೇರಿಗೆ ಎಷ್ಟು ಹತ್ತಿರ ಹೋಗಬಹುದು ಎಂಬುದನ್ನೂ ಹೇಳಲೇಬೇಕು. ಒಂದು ಚದರ ಮೀಟರಿನಲ್ಲಿ ಇಬ್ಬರು ಮೂವರು ಇದ್ದಾಗ ನಮ್ಮ ಕಾಲು ನಮ್ಮ ಮಾತು ಕೇಳುತ್ತದೆ. ಐದಾರು ಮಂದಿ ಆದರೆ ಗುಂಪು ನೀರಿನಂತೆ ಹರಿಯತೊಡಗುತ್ತದೆ, ಒಬ್ಬರು ತಳ್ಳಿದ್ದು ಹತ್ತು ಜನರಾಚೆ ತಾಗುತ್ತದೆ. ತೋಳು ಎತ್ತಲು ಆಗದಷ್ಟು ಒತ್ತು ಕಂಡರೆ ಆಗಲೇ ಓರೆಯಾಗಿ ಅಂಚಿಗೆ ಸರಿಯಬೇಕು. 2017ರ ಫೆಬ್ರುವರಿ 21ರಂದು ಕೊಟ್ಟೂರಿನಲ್ಲಿ ತೇರು ಉರುಳಿ ಹಲವರು ಗಾಯಗೊಂಡರು. ಹಗ್ಗ ಹಿಡಿಯುವ ಆಸೆ ಎಲ್ಲರಿಗೂ ಇರುತ್ತದೆ, ಮಕ್ಕಳನ್ನು ಹೆಗಲ ಮೇಲೆ ಹೊತ್ತವರು ಮಾತ್ರ ದೂರದ ಜಗಲಿಯನ್ನೋ ಮಾಳಿಗೆಯನ್ನೋ ಆರಿಸಿಕೊಳ್ಳಬೇಕು. ಎತ್ತರದ ತೇರು ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ.

ತೇರು ನಿಂತ ಕೂಡಲೇ ದಿನದ ಅತಿ ದೊಡ್ಡ ಸಾಲು ಬಸ್ ನಿಲ್ದಾಣದಲ್ಲಿ ಹುಟ್ಟುತ್ತದೆ. ಇಡೀ ದಿನ ಚೂರು ಚೂರಾಗಿ ಬಂದವರು ಒಂದೇ ಗಳಿಗೆಯಲ್ಲಿ ಹೊರಡುತ್ತಾರೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಂದು ಎಷ್ಟೇ ಹೆಚ್ಚುವರಿ ಬಸ್ಸು ಬಿಟ್ಟರೂ ಒಂದು ಬಸ್ಸಿಗೆ ಐವತ್ತು ಚಿಲ್ಲರೆ ಸೀಟು. ಊಟದ ಮನೆಯ ಲೆಕ್ಕವನ್ನು ಇಲ್ಲಿಗೂ ಹಚ್ಚಿ ನೋಡಿ. ಗದ್ದಲಕ್ಕೆ ಮೊದಲೇ ಹೊರಡುವಂತಿಲ್ಲ, ತೇರು ತಪ್ಪುತ್ತದೆ. ಹಾಗಾಗಿ ಇದೊಂದು ಕಡೆ ತಡವೇ ಲೇಸು, ಅದೂ ಬಾಕಿ ಕರಗುವಷ್ಟು ತಡ. ಮಧ್ಯಾಹ್ನ ಬೇಗ ಉಂಡವರಿಗೆ ಆಗ ಹೇಗೂ ಹಸಿವಾಗಿರುತ್ತದೆ. ರಾತ್ರಿಯ ಪ್ರಸಾದಕ್ಕೆ ಕೂತು, ಅಂಗಡಿ ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದರೆ ಅಜ್ಜಿಗೆ ಕಿಟಕಿ ಪಕ್ಕದ ಸೀಟು ಸಿಗುವ ಸಾಧ್ಯತೆ ಚೆನ್ನಾಗಿದೆ. ಸಾರಿಗೆಯವರು ಕೊನೆಯ ಬಸ್ಸಿನ ಹೊತ್ತನ್ನು ಮಧ್ಯಾಹ್ನವೇ ಧ್ವನಿವರ್ಧಕದಲ್ಲಿ ಸಾರಿದರೆ ಇನ್ನೂ ಎಷ್ಟೋ ಕುಟುಂಬಗಳು ಧೈರ್ಯವಾಗಿ ಕಾದಾವು.