ಅಳಿಸಿದ ಪ್ರಕಾರದ ಗುರುತು: ಜಾವಾದ ಜೆನೆರಿಕ್‌ಗಳು ಮತ್ತು ಪದಸಂಗ್ರಹ

ವಯನಾಡಿನ ಕಾಡಂಚಿನ ಬೇಗೂರಿನಂತಹ ಊರಿನಲ್ಲಿ ಪದ ಸಂಗ್ರಹಿಸುವವರು ಪದದೊಂದಿಗೆ ಅದು ಯಾವ ನುಡಿಯದೆಂಬುದನ್ನೂ ಬರೆದಿಡಬೇಕಾಗುತ್ತದೆ. ರಾವುಳ, ಪಣಿಯ, ಕಾಟುನಾಯ್ಕ ನುಡಿಗಳನ್ನು ಕನ್ನಡ ಅಥವಾ ಮಲಯಾಳ ಲಿಪಿಯಲ್ಲಿ ಬರೆದುಕೊಂಡಾಗ, ಹಾಳೆಯ ಮೇಲಿನ ರೂಪವನ್ನಷ್ಟೇ ನೋಡಿ ಮೂಲವನ್ನು ಹೇಳುವುದು ಕಷ್ಟ. ಜನಗಣತಿಯಲ್ಲಿ ಬಡಗ, ಕುರುಂಬ ಮಾತೃಭಾಷೆಗಳು ಕನ್ನಡದ ಶೀರ್ಷಿಕೆಯಡಿ ಸೇರಿರುವುದನ್ನು ಬಲ್ಲವರಿಗೆ ಹಣೆಪಟ್ಟಿಯ ಮಹತ್ವವನ್ನು ಬೇರೆಯಾಗಿ ಹೇಳಬೇಕಿಲ್ಲ.

ಇಂಥ ಸಂಗ್ರಹವೊಂದನ್ನು ಜಾವಾ ಭಾಷೆಯಲ್ಲಿ ರಚಿಸಹೊರಟವರು ಲಿಸ್ಟ್<ರಾವುಳಪದ>, ಲಿಸ್ಟ್<ಕಾಟುನಾಯ್ಕಪದ> ಎಂಬ ಎರಡು ಪಟ್ಟಿಗಳನ್ನು ಘೋಷಿಸಿದರೆನ್ನೋಣ. ಒಂದರ ಪದ ಇನ್ನೊಂದಕ್ಕೆ ಸೇರದಂತೆ ಕಂಪೈಲರ್ ಕಾಯುತ್ತದೆ. ಆದರೆ ಪರಿಶೀಲನೆ ಮುಗಿದೊಡನೆ ಕೋನಾವರಣದೊಳಗಿನ ಹೆಸರನ್ನು ಅಳಿಸಿಬಿಡುತ್ತದೆ. ಪ್ರೋಗ್ರಾಂ ಓಡುವಾಗ ಎರಡೂ ಬರಿಯ ಅರೇಲಿಸ್ಟ್‌ಗಳು. ಗೆಟ್‌ಕ್ಲಾಸ್ ಎಂದು ವಿಚಾರಿಸಿದರೆ ಎರಡರದೂ ಒಂದೇ ಉತ್ತರ.

ಇದು ಅಜಾಗ್ರತೆಯ ಫಲವಲ್ಲ. 2004ರಲ್ಲಿ ಜಾವಾ 5ರೊಡನೆ ಜೆನೆರಿಕ್‌ಗಳು ಬಂದಾಗ ಹಳೆಯ ಪ್ರೋಗ್ರಾಂಗಳೂ ಹೊಸವೂ ಒಟ್ಟಿಗೆ ನಡೆಯಬೇಕಿತ್ತು. ಬ್ರಾಕಾ, ಒಡರ್ಸ್ಕಿ, ಸ್ಟೌಟಮೈರ್, ವಾಡ್ಲರ್ 1998ರಲ್ಲಿ ಮಂಡಿಸಿದ ಜಿಜೆ ವಿನ್ಯಾಸದ ಒಲವೂ ಇದೇ ಆಗಿತ್ತು. ಮರುವರ್ಷದ ಡಾಟ್‌ನೆಟ್ 2.0 ಪ್ರಕಾರವನ್ನು ಉಳಿಸಿಕೊಂಡಿತು. ಜಾವಾದ ಆಯ್ಕೆಗೆ ತೆರಬೇಕಾದ ಬೆಲೆ ಕಡತ ಓದುವಾಗ ತಿಳಿಯುತ್ತದೆ. ‘ಲಿಸ್ಟ್’ ಎಂದಷ್ಟೇ ಹೇಳಿ ಜೇಸನ್ ಕಡತವನ್ನು ಓದಿಸಿದರೆ, ಜ್ಯಾಕ್ಸನ್ ಲೈಬ್ರರಿ ರಾವುಳಪದಗಳ ಬದಲು ಮ್ಯಾಪ್‌ಗಳನ್ನು ತುಂಬಿಕೊಡುತ್ತದೆ. ಆಗ ಸದ್ದಿಲ್ಲ. ಬಹಳ ಆಚೆ, ಪದವನ್ನು ಹೊರತೆಗೆಯುವಲ್ಲಿ ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್ ಎದುರಾಗುತ್ತದೆ.

ಆದರೂ ಅಳಿಸುವಿಕೆ ಸಂಪೂರ್ಣವಲ್ಲ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಅಳಿಯುವುದು ವಸ್ತುವಿನ ಮೇಲಿನ ಗುರುತು. ಘೋಷಣೆಯಲ್ಲಿ ಬರೆದದ್ದು ಉಳಿಯುತ್ತದೆ. ಫೀಲ್ಡ್, ಮೆಥಡ್, ಮೇಲ್ವರ್ಗ ಇವುಗಳ ಪೂರ್ಣ ಪ್ರಕಾರವು ಕ್ಲಾಸ್ ಕಡತದ ‘ಸಿಗ್ನೇಚರ್’ ಎಂಬ ಭಾಗದಲ್ಲಿ ದಾಖಲಾಗಿರುತ್ತದೆ. ಪಟ್ಟಿಯು ಒಂದು ಕ್ಲಾಸಿನ ಫೀಲ್ಡ್ ಆಗಿದ್ದರೆ, ಆ ಫೀಲ್ಡನ್ನು ಗೆಟ್‌ಜೆನೆರಿಕ್‌ಟೈಪ್ ಎಂದು ಕೇಳಿದಾಗ ಪ್ಯಾರಾಮೀಟರೈಸ್ಡ್‌ಟೈಪ್ ದೊರೆಯುತ್ತದೆ. ಅದರ ಗೆಟ್‌ಆಕ್ಚುವಲ್‌ಟೈಪ್‌ಆರ್ಗ್ಯುಮೆಂಟ್ಸ್ ‘ರಾವುಳಪದ’ವನ್ನು ಮರಳಿ ಕೊಡುತ್ತದೆ. ಮೆಥಡ್‌ನೊಳಗಿನ ಸ್ಥಳೀಯ ಚರಕ್ಕೆ ಈ ಭಾಗ್ಯವಿಲ್ಲ. ಪಟ್ಟಿಯ ಮೊದಲ ಪದವನ್ನು ಇಣುಕಿ ಪ್ರಕಾರವನ್ನು ಊಹಿಸುವ ರೂಢಿಯುಂಟು. ಅದು ನೆಚ್ಚತಕ್ಕದ್ದಲ್ಲ: ಒಂದು ಪದವೂ ಸೇರದ ರಾವುಳ ಪಟ್ಟಿ ತಾನು ಯಾರದೆಂದು ಹೇಳಲಾರದು.

ಫೀಲ್ಡ್ ಇಲ್ಲದೆಡೆ ಏನು ಮಾಡಬೇಕು? 2006ರಲ್ಲಿ ನೀಲ್ ಗಾಫ್ಟರ್ ವಿವರಿಸಿದ ಉಪಾಯವು ಮೇಲ್ವರ್ಗದ ದಾಖಲೆಯನ್ನು ಬಳಸಿಕೊಳ್ಳುತ್ತದೆ. ಜ್ಯಾಕ್ಸನ್‌ನಲ್ಲಿ ಅದರ ರೂಪ: ನ್ಯೂ ಟೈಪ್‌ರೆಫರೆನ್ಸ್<ಲಿಸ್ಟ್<ರಾವುಳಪದ>>() {}. ಗೂಗಲ್‌ನ ಜಿಸನ್ ಇದನ್ನೇ ಟೈಪ್‌ಟೋಕನ್ ಎನ್ನುತ್ತದೆ. ಕೊನೆಯ ಖಾಲಿ ಪುಷ್ಪಾವರಣವು ಅಲಂಕಾರವೆಂದು ತೋರಬಹುದು. ವಾಸ್ತವದಲ್ಲಿ ಅದು ಹೆಸರಿಲ್ಲದ ಉಪವರ್ಗವೊಂದನ್ನು ಹುಟ್ಟಿಸುತ್ತದೆ. ಆ ಉಪವರ್ಗದ ಮೇಲ್ವರ್ಗ ಯಾವುದೆಂಬ ದಾಖಲೆಯಲ್ಲಿ ‘ರಾವುಳಪದ’ ಅಚ್ಚಾಗಿರುತ್ತದೆ. ಗೆಟ್‌ಜೆನೆರಿಕ್‌ಸೂಪರ್‌ಕ್ಲಾಸ್ ಅದನ್ನು ಓದಿ ತಿಳಿಸುತ್ತದೆ.

ಉಪಾಯಕ್ಕೂ ಮಿತಿಯಿದೆ. ಜೆನೆರಿಕ್ ಮೆಥಡ್‌ನೊಳಗೆ ನಿಂತು ಟೈಪ್‌ರೆಫರೆನ್ಸ್<ಲಿಸ್ಟ್<ಟಿ>> ಎಂದು ಬರೆದವರಿಗೆ ‘ಟಿ’ ಎಂಬ ಅಕ್ಷರವೇ ಉತ್ತರವಾಗಿ ಬರುತ್ತದೆ. ‘ಟಿ’ ರಾವುಳಪದವೋ ಕಾಟುನಾಯ್ಕಪದವೋ ಎಂಬುದನ್ನು ಆ ಮೆಥಡ್ ಕರೆದವರೇ ಟೈಪ್‌ರೆಫರೆನ್ಸ್‌ನಲ್ಲಿ ಬರೆದು ಒಳಗೆ ಕಳುಹಿಸಬೇಕು.