ಇಬ್ಬರು ಷರ್ಲಾಕ್, ಒಂದು ತಾಂಬೂಲದ ಚೀಲ

ನನ್ನ ಗೆಳತಿಯೊಬ್ಬಳು ಭಾನುವಾರ ಬೆಳಿಗ್ಗೆ ಐದೂವರೆಗೆಲ್ಲ ಹಾಸ್ಟೆಲ್ ಬಿಟ್ಟು ಹೊರಡುತ್ತಿದ್ದಳು. ಎಲ್ಲಿಗೆ ಅಂದರೆ ‘ದೊಡ್ಡಮ್ಮನ ಮನೆಗೆ ಕಣೇ’ ಎಂಬ ಒಂದೇ ಉತ್ತರ. ಸಂಜೆ ವಾಪಸ್ ಬರುವಾಗ ಕೈಯಲ್ಲೊಂದು ತಾಂಬೂಲದ ಚೀಲ. ಅದರಲ್ಲಿನ ಲಾಡು ನಮಗೆ, ತೆಂಗಿನಕಾಯಿ ಮೆಸ್ ಆಂಟಿಗೆ.

ಒಂದು ದಿನ ಅವಳ ಮಂಚದ ಕೆಳಗಿದ್ದ ಚೀಲಗಳ ಮೇಲೆ ನನ್ನ ಕಣ್ಣು ಬಿತ್ತು. ಒಂದೊಂದರ ಮೇಲೂ ಬೇರೆ ಬೇರೆ ವಧು–ವರರ ಹೆಸರು. ಒಬ್ಬ ದೊಡ್ಡಮ್ಮನಿಗೆ ಇಷ್ಟೊಂದು ನೆಂಟರಾ? ಇನ್ನೊಂದು ಸಂಗತಿ. ಆಷಾಢದಲ್ಲಿ ಒಂದು ಭಾನುವಾರವೂ ಅವಳು ರೂಮ್ ಬಿಟ್ಟು ಕದಲಿರಲಿಲ್ಲ. ಆಷಾಢ ಬಂತೆಂದು ದೊಡ್ಡಮ್ಮ ಎಲ್ಲಿಗೂ ಹೋಗುವುದಿಲ್ಲ, ನಿಲ್ಲುವುದು ಮದುವೆಗಳು ಮಾತ್ರ. ಬೆರಳ ತುದಿಯಲ್ಲಿ ಮಾಸದ ಕುಂಕುಮ, ಬಟ್ಟೆಗೆ ಪನ್ನೀರಿನ ವಾಸನೆ. ಮುಗೀತು! ಅವಳು ಮದುವೆ ಛತ್ರಗಳ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ವೆಲ್‌ಕಮ್ ಗರ್ಲ್.

ಇದನ್ನು ನನ್ನಲ್ಲೇ ಇಟ್ಟುಕೊಳ್ಳಬಹುದಿತ್ತು. ಆದರೆ ಆ ವಾರವಷ್ಟೇ ಬಿಬಿಸಿಯ ‘ಷರ್ಲಾಕ್’ ಧಾರಾವಾಹಿಯ ಎರಡನೇ ಸೀಸನ್ ಮುಗಿಸಿದ್ದೆ. ರಾತ್ರಿ ಮೆಸ್‌ನಲ್ಲಿ ಹತ್ತು ಜನರ ಎದುರು, ಒಂದೇ ಉಸಿರಿಗೆ, ಬೆನೆಡಿಕ್ಟ್ ಕಂಬರ್‌ಬ್ಯಾಚ್ ಸ್ಟೈಲಿನಲ್ಲಿ ಒಂದೊಂದೇ ಸುಳಿವು ಬಿಡಿಸಿ ಹೇಳಿದೆ. ಟೇಬಲ್ಲಿನಲ್ಲಿ ಚಪ್ಪಾಳೆ ಬಿತ್ತು. ಅವಳು ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಪರೀಕ್ಷೆ ಫೀಸಿಗಾಗಿ ಮಾಡುತ್ತಿದ್ದ ಕೆಲಸ ಅದು. ಅದು ಕ್ಲಾಸಿನಲ್ಲಿ ಗೊತ್ತಾಗುವುದು ಅವಳಿಗೆ ಇಷ್ಟವಿರಲಿಲ್ಲ ಎಂಬ ಸರಳ ಸಂಗತಿ ಮಾತ್ರ ನನ್ನ ಪತ್ತೇದಾರಿಕೆಗೆ ಹೊಳೆದಿರಲಿಲ್ಲ. (ಇದನ್ನು ಅವಳಿಗೆ ಓದಿಸಿ, ಒಪ್ಪಿಗೆ ಪಡೆದೇ ಕಳಿಸುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದಳು.)

ತಮಾಷೆ ಏನೆಂದರೆ, ನಾನು ಮಾಡಿದ ಎಡವಟ್ಟು ಅದೇ ಸೀಸನ್ನಿನ ಮೊದಲ ಎಪಿಸೋಡಿನಲ್ಲೇ ಇದೆ. ಕ್ರಿಸ್‌ಮಸ್ ಪಾರ್ಟಿಗೆ ಮಾಲಿ ಹೂಪರ್ ಚೆನ್ನಾಗಿ ಅಲಂಕರಿಸಿಕೊಂಡು ಬಂದಿರುತ್ತಾಳೆ. ಅವಳ ಕೈಯಲ್ಲಿನ ಗಿಫ್ಟ್ ಪ್ಯಾಕ್ ನೋಡಿದ ಷರ್ಲಾಕ್, ಇವಳು ಯಾರನ್ನೋ ಮೆಚ್ಚಿಸಲು ಹೊರಟಿದ್ದಾಳೆ ಎಂದು ಎಲ್ಲರ ಎದುರು ವಿಶ್ಲೇಷಣೆ ಶುರು ಮಾಡುತ್ತಾನೆ. ಚೀಟಿ ತಿರುಗಿಸಿದರೆ ಅಲ್ಲಿರುವುದು ಅವನದೇ ಹೆಸರು. ಅವನು ಕ್ಷಮೆ ಕೇಳುತ್ತಾನೆ ನಿಜ. ಆದರೆ ಮರುಕ್ಷಣವೇ ಕಥೆ ಬೇರೆ ಕಡೆ ಓಡುತ್ತದೆ, ನಾವೂ ಜೊತೆಗೆ ಓಡುತ್ತೇವೆ.

ಹಾಗೆಂದು ಆ ಧಾರಾವಾಹಿಯನ್ನು ಬೈಯಲು ನನಗೆ ಮನಸ್ಸಿಲ್ಲ. 2010ರಲ್ಲಿ ಸ್ಟೀವನ್ ಮೊಫಾಟ್ ಮತ್ತು ಮಾರ್ಕ್ ಗ್ಯಾಟಿಸ್ ಸೇರಿ ಶುರು ಮಾಡಿದ ಇದು 2017ರವರೆಗೆ ಬಂದದ್ದು ಬರೀ 13 ಎಪಿಸೋಡು. ಒಂದೊಂದೂ ಒಂದೂವರೆ ಗಂಟೆಯ ಸಿನಿಮಾ ಇದ್ದಂತೆ. ಆರ್ಥರ್ ಕಾನನ್ ಡಾಯ್ಲ್ ಬರೆದ 4 ಕಾದಂಬರಿ, 56 ಸಣ್ಣ ಕಥೆಗಳನ್ನು ಇವರು ಅರೆದು ಕುಡಿದಿದ್ದಾರೆ. ಡಾಯ್ಲ್ ಕಾದಂಬರಿಯಲ್ಲಿ ಹೋಮ್ಸ್ ಒಂದು ಜೇಬುಗಡಿಯಾರ ನೋಡಿ, ಕೀಲಿ ಕೊಡುವ ತೂತಿನ ಸುತ್ತಲಿನ ಗೀರುಗಳಿಂದಲೇ ವಾಟ್ಸನ್ನನ ಅಣ್ಣ ಕುಡುಕ ಎಂದು ಹೇಳುತ್ತಾನೆ. ಬಿಬಿಸಿಯಲ್ಲಿ ಗಡಿಯಾರದ ಜಾಗಕ್ಕೆ ಮೊಬೈಲ್ ಬಂದಿದೆ. ಗೀರುಗಳು ಈಗ ಚಾರ್ಜರ್ ಚುಚ್ಚುವ ಜಾಗದ ಸುತ್ತ. ಎಲ್ಲ ಸರಿ ಹೇಳಿದೆ ಎಂದು ಷರ್ಲಾಕ್ ಬೀಗುವಾಗ, ‘ಹ್ಯಾರಿ’ ಅಣ್ಣ ಅಲ್ಲ, ಹ್ಯಾರಿಯಟ್ ಎಂಬ ಅಕ್ಕ ಎಂದು ಗೊತ್ತಾಗುತ್ತದೆ! ಇನ್ನೂ ಸೋಜಿಗವೆಂದರೆ ವಾಟ್ಸನ್. 1887ರಲ್ಲಿ ಪ್ರಕಟವಾದ ಮೊದಲ ಕಾದಂಬರಿಯಲ್ಲಿ ಅವನು ಆಫ್ಘಾನಿಸ್ತಾನದ ಯುದ್ಧದಲ್ಲಿ ಗಾಯಗೊಂಡು ಬಂದ ಸೇನಾ ವೈದ್ಯ. ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರದ ವಾಟ್ಸನ್ ಕೂಡ ಆಫ್ಘಾನಿಸ್ತಾನದಿಂದಲೇ ಬರುತ್ತಾನೆ. ಬರಹಗಾರರು ಒಂದಕ್ಷರ ಬದಲಿಸಬೇಕಾಗಿ ಬರಲಿಲ್ಲ.

ಆದರೆ ಅಲ್ಲಿ ಜಾಣತನ ಎನ್ನುವುದು ಒಂದು ಪವಾಡ. ಷರ್ಲಾಕ್ ನೋಡುತ್ತಿದ್ದಂತೆ ಪರದೆ ಮೇಲೆ ಅಕ್ಷರಗಳು ತೇಲುತ್ತವೆ, ಉತ್ತರ ಸಿದ್ಧ. ಮಾರ್ಟಿನ್ ಫ್ರೀಮನ್ ಎಷ್ಟೇ ಚೆನ್ನಾಗಿ ಅಭಿನಯಿಸಿದರೂ ವಾಟ್ಸನ್‌ಗೆ ಬಹುಪಾಲು ಉಳಿಯುವುದು ಬೆರಗಾಗುವ ಕೆಲಸ. ಜೀನಿಯಸ್ ಹುಟ್ಟಿನಿಂದ ಬರುತ್ತದೆ, ಉಳಿದವರು ಚಪ್ಪಾಳೆ ತಟ್ಟಬೇಕು. ಮ್ಯಾಥ್ಸ್‌ನಲ್ಲಿ ಒಂದು ಬ್ಯಾಕ್‌ಲಾಗ್ ಇಟ್ಟುಕೊಂಡಿದ್ದ ನನಗೆ, ಒಂದು ರಾತ್ರಿಯಾದರೂ ಆ ಚಪ್ಪಾಳೆ ಬೇಕಿತ್ತು ಅನ್ನಿಸುತ್ತದೆ.

ಗೆಳತಿ ಮಾತು ಬಿಟ್ಟ ಮೇಲೆ ಸಂಜೆಗಳು ಖಾಲಿಯಾದವು. ಆಗ ಹಿಡಿದದ್ದೇ ‘ಎಲಿಮೆಂಟರಿ’. ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 2012ರಿಂದ 2019ರವರೆಗೆ, 7 ಸೀಸನ್, 154 ಎಪಿಸೋಡು. ನೋಡುವ ಮುಂಚೆಯೇ ಮೂಗು ಮುರಿದಿದ್ದೆ. ಷರ್ಲಾಕ್ ನ್ಯೂಯಾರ್ಕ್‌ನಲ್ಲಂತೆ, ವಾಟ್ಸನ್ ಹೆಂಗಸಂತೆ! ಇದರ ಹೋಮ್ಸ್ ಜಾನಿ ಲೀ ಮಿಲ್ಲರ್. ಅವರೂ ಕಂಬರ್‌ಬ್ಯಾಚ್ ಅವರೂ 2011ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್‌ನಲ್ಲಿ ‘ಫ್ರಾಂಕೆನ್‌ಸ್ಟೈನ್’ ನಾಟಕದ ಎರಡು ಮುಖ್ಯ ಪಾತ್ರಗಳನ್ನು ಸರದಿಯ ಮೇಲೆ ಅದಲು ಬದಲು ಮಾಡಿಕೊಂಡು ಅಭಿನಯಿಸಿದ್ದರು. ಒಂದು ಸಂಜೆ ಇವರು ವಿಜ್ಞಾನಿ, ಅವರು ರಾಕ್ಷಸ, ಇನ್ನೊಂದು ಸಂಜೆ ಉಲ್ಟಾ. ಹೋಮ್ಸ್ ಪಾತ್ರವನ್ನೂ ಹಾಗೇ ಹಂಚಿಕೊಂಡರೇನೋ ಅನ್ನಿಸುವಷ್ಟು ಕಾಕತಾಳೀಯ.

ಮಿಲ್ಲರ್ ಅವರ ಹೋಮ್ಸ್ ಹೆರಾಯಿನ್ ಚಟದಿಂದ ಆಗಷ್ಟೇ ಬಿಡಿಸಿಕೊಂಡು ಬಂದವನು. ಮೂಲದ ಹೋಮ್ಸ್ ಕೊಕೇನ್ ತೆಗೆದುಕೊಳ್ಳುತ್ತಿದ್ದ ಎಂಬುದು ಓದಿದವರಿಗೆ ಗೊತ್ತು. ಇಲ್ಲಿ ಅದು ಬರೀ ವಿವರವಲ್ಲ, ಕಥೆಯ ಬೆನ್ನೆಲುಬು. ಅವನು ಮತ್ತೆ ಚಟಕ್ಕೆ ಬೀಳದಂತೆ ನೋಡಿಕೊಳ್ಳಲು ಅಪ್ಪ ನೇಮಿಸಿದವಳೇ ಜೋನ್ ವಾಟ್ಸನ್ (ಲೂಸಿ ಲಿಯು). ಶಸ್ತ್ರಚಿಕಿತ್ಸೆಯಲ್ಲಿ ರೋಗಿಯೊಬ್ಬ ಸತ್ತ ಮೇಲೆ ಸರ್ಜನ್ ಕೆಲಸವನ್ನೇ ಬಿಟ್ಟವಳು. ಇಬ್ಬರೂ ಒಂದೊಂದು ಸಲ ಫೇಲಾದವರು! ನನಗೆ ಮೊದಲು ಹಿಡಿಸಿದ್ದೇ ಅದು.

ಇಲ್ಲಿ ಪತ್ತೇದಾರಿಕೆ ಒಂದು ವಿದ್ಯೆ. ಕಲಿಯಬಹುದು, ಕಲಿಸಬಹುದು. ಮೊದಲ ಸೀಸನ್ನಿನ ಅರ್ಧದಲ್ಲಿ ಹೋಮ್ಸ್ ಅವಳನ್ನು ಶಿಷ್ಯೆಯಾಗು ಎಂದು ಕರೆಯುತ್ತಾನೆ. ಮೊದಲ ಸ್ವತಂತ್ರ ಕೇಸಿನಲ್ಲಿ ಅವಳು ಎಡವಿ ಪೊಲೀಸರ ಕೈಗೇ ಸಿಕ್ಕಿಬೀಳುತ್ತಾಳೆ. ಆದರೂ ಬಿಡುವುದಿಲ್ಲ. ಸೀಸನ್ ಕೊನೆಗೆ ಮೊರಿಯಾರ್ಟಿಯ ದೌರ್ಬಲ್ಯ ಏನೆಂದು ಕಂಡುಹಿಡಿಯುವುದು ಹೋಮ್ಸ್ ಅಲ್ಲ, ಅವಳು. ಮಹಡಿ ಮೇಲೆ ಜೇನು ಸಾಕುವ ಹೋಮ್ಸ್, ಹೊಸದೊಂದು ಜೇನ್ನೊಣದ ತಳಿಗೆ ಅವಳ ಹೆಸರನ್ನೇ ಇಡುತ್ತಾನೆ. ಡಾಯ್ಲ್ ಅವರ ಹೋಮ್ಸ್ ಕೂಡ ಹೀಗೇ ಅಲ್ಲವೇ? ಸುಮ್ಮನೆ ಹೊಳೆಯುವುದಿಲ್ಲ ಅವನಿಗೆ. 140 ಬಗೆಯ ತಂಬಾಕಿನ ಬೂದಿಯ ಬಗ್ಗೆ ಕುಳಿತು ಪ್ರಬಂಧ ಬರೆದಿರುತ್ತಾನೆ. ನಮ್ಮ ಲ್ಯಾಬ್ ರೆಕಾರ್ಡ್‌ಗಿಂತ ಬೋರು ಕೆಲಸ ಅದು.

ಕೊರತೆಗಳೂ ಇವೆ. 154 ಎಪಿಸೋಡಿನಲ್ಲಿ ಎಷ್ಟೋ ಕೇಸುಗಳು ಮರುದಿನವೇ ಮರೆತುಹೋಗುತ್ತವೆ. ಆರಂಭದಲ್ಲಿ ಸಭ್ಯವಾಗಿ ಎರಡು ಮಾತಾಡಿ ಹೋದವನೇ ಕೊಲೆಗಾರ ಎಂದು ನಾನೂ ಹೇಳುವಷ್ಟಾದೆ. ಕ್ಯಾಮೆರಾ, ಸಂಗೀತ, ಮಾತಿನ ಮೊನೆ ಯಾವುದರಲ್ಲೂ ಬಿಬಿಸಿಯ ಮೊದಲೆರಡು ಸೀಸನ್‌ಗೆ ಇದು ಸಾಟಿಯಲ್ಲ. (ನಾಲ್ಕನೇ ಸೀಸನ್ನಿನ ವಿಷಯ ಬೇಡ ಬಿಡಿ.)

ಆದರೆ ಎರಡನೇ ಸೀಸನ್ನಿನಲ್ಲಿ ಒಂದು ಎಪಿಸೋಡಿದೆ. ಒಂದು ತನಿಖೆಯಲ್ಲಿ ಹೋಮ್ಸ್ ನಿಯಮ ಮೀರಿ, ಜೈಲಿನಿಂದ ಬಂದು ಹೊಸ ಬದುಕು ಕಟ್ಟಿಕೊಳ್ಳುತ್ತಿದ್ದ ಒಬ್ಬನ ಕೆಲಸಕ್ಕೆ ಕುತ್ತು ತಂದಿರುತ್ತಾನೆ. ಆ ಸಿಟ್ಟಿಗೆ ಅವನು ಹೋಮ್ಸ್‌ನತ್ತ ಗುಂಡು ಹಾರಿಸುತ್ತಾನೆ. ಅಡ್ಡ ಬಂದ ಡಿಟೆಕ್ಟಿವ್ ಮಾರ್ಕಸ್ ಬೆಲ್‌ಗೆ ಅದು ತಗುಲಿ ಕೈ ಸ್ವಾಧೀನ ತಪ್ಪುತ್ತದೆ. (ಬೆಲ್ ಅಂದಾಗ ಡಾಯ್ಲ್ ಅವರ ಮೇಷ್ಟ್ರು ಡಾ. ಜೋಸೆಫ್ ಬೆಲ್ ನೆನಪಾದರು. ಹೋಮ್ಸ್ ಪಾತ್ರಕ್ಕೆ ಸ್ಫೂರ್ತಿ ಅವರೇ.) ಹೋಮ್ಸ್ ಸಹಾಯ ಮಾಡಲು ಹೋದರೆ ಬೆಲ್ ಅವನನ್ನು ಹತ್ತಿರ ಸೇರಿಸುವುದಿಲ್ಲ. ಎಪಿಸೋಡ್ ಮುಗಿದರೂ ಆ ಸಿಟ್ಟು ಮುಗಿಯುವುದಿಲ್ಲ, ಮುಂದಿನ ಕಥೆಗಳಿಗೂ ದಾಟಿಕೊಳ್ಳುತ್ತದೆ. ಮಾಲಿಗೆ ಸಿಗದಿದ್ದ ಸಮಯ ಬೆಲ್‌ಗೆ ಸಿಕ್ಕಿತ್ತು.

ಅದನ್ನು ನೋಡಿದ ರಾತ್ರಿ ಗೆಳತಿಯ ರೂಮಿಗೆ ಹೋದೆ. ಅಲ್ಲಿಯವರೆಗೆ ‘ತಮಾಷೆಗೆ ಹೇಳ್ದೆ ಕಣೇ’ ಎಂದು ಮೂರು ಮೆಸೇಜ್ ಹಾಕಿದ್ದೆ, ಅಷ್ಟೇ. ಆ ದಿನ ‘ತಮಾಷೆ ಅಲ್ಲ, ಚಪ್ಪಾಳೆಗೋಸ್ಕರ ಮಾಡಿದೆ, ತಪ್ಪಾಯ್ತು’ ಎಂದೆ. ‘ಸರಿ’ ಅಂದಳು. ಬಾಗಿಲು ಹಾಕಿಕೊಂಡಳು.

ಕಾರ್ತಿಕ ಬಂತು, ಮದುವೆ ಸೀಸನ್ ಜೋರಾಯಿತು. ಒಂದು ಶನಿವಾರ ಅವಳೇ ಬಂದು ಕೇಳಿದಳು, ‘ನಾಳೆ ಒಬ್ಬಳು ಕಡಿಮೆ ಇದ್ದಾಳೆ. ನಿಂಗೆ ಸೀರೆ ಉಡೋಕೆ ಬರುತ್ತೇನೇ?’ ಬರುತ್ತಿರಲಿಲ್ಲ. ಅವಳೇ ನೆರಿಗೆ ಹಿಡಿದು ಪಿನ್ ಹಾಕಿದಳು. ಪನ್ನೀರುದಾನಿ ಎಷ್ಟು ಬಗ್ಗಿಸಬೇಕು, ಹಿರಿಯರು ಬಂದರೆ ಮೊದಲು ಕುಂಕುಮವೋ ಹೂವೋ ಎಲ್ಲ ತೋರಿಸಿಕೊಟ್ಟಳು. ಛತ್ರದ ಬಾಗಿಲಲ್ಲಿ ಆರು ಗಂಟೆ ನಿಂತೆವು.

ಸಂಜೆ ಹಾಸ್ಟೆಲ್‌ಗೆ ಬಂದಾಗ ಕಾಲು ನೆಲಕ್ಕೆ ಊರಲಾಗುತ್ತಿರಲಿಲ್ಲ. ಅವಳು ಬಕೆಟ್‌ನಲ್ಲಿ ಬಿಸಿನೀರು ತಂದು, ಕಲ್ಲುಪ್ಪು ಹಾಕಿ ನನ್ನ ಮುಂದಿಟ್ಟಳು. ಪ್ರತಿ ಭಾನುವಾರ ಸಂಜೆ ಅವಳು ಆ ಬಕೆಟ್ ಹಿಡಿದು ಕಾರಿಡಾರಿನಲ್ಲಿ ಹೋಗುವುದನ್ನು ನೋಡಿದ್ದೆ. ತಲೆಸ್ನಾನಕ್ಕಿರಬೇಕು ಅಂದುಕೊಂಡಿದ್ದೆ.